ಕಾರಣ ಕಾಣದ ಕೂಸಿನ ಜ್ವರ: ಮೂತ್ರ ಪರೀಕ್ಷೆ ಮರೆಯಬೇಡಿರಿ



ಎಳೆಯ ಕಬ್ಬಿನ ಸುಳಿ ಒಣಗಿದರೆ ಭೋಜದ ರೈತನು ಎಲೆಯನ್ನಷ್ಟೇ ನೋಡಿ ಸುಮ್ಮನಾಗುವುದಿಲ್ಲ. ಸುಳಿಯನ್ನು ಜಗ್ಗಿ ನೋಡುತ್ತಾನೆ. ಹುಳು ಬಿದ್ದಿದೆಯೋ, ನೀರು ನಿಂತು ಬೇರು ಕೊಳೆತಿದೆಯೋ ಎಂದು ಬುಡ ಕೆದರಿ ಪರೀಕ್ಷಿಸುತ್ತಾನೆ. ಕಾರಣ ತಿಳಿಯದೆ ಔಷಧ ಹೊಡೆದರೆ ದುಡ್ಡೂ ಹೋಗುತ್ತದೆ, ಬೆಳೆಯೂ ಹೋಗುತ್ತದೆ ಎಂಬುದು ಅವನಿಗೆ ಗೊತ್ತು.

ಆದರೆ ತೊಟ್ಟಿಲ ಕೂಸಿಗೆ ಜ್ವರ ಬಂದಾಗ ನಾವು ಅಷ್ಟು ಜಾಗ್ರತೆಯಿಂದ ಕಾರಣ ಹುಡುಕುವುದಿಲ್ಲ. ಹಲ್ಲು ಬರುತ್ತಿವೆ ಎನ್ನುತ್ತೇವೆ, ದೃಷ್ಟಿ ತಾಗಿದೆ ಎನ್ನುತ್ತೇವೆ, ಉಷ್ಣವಾಗಿದೆ ಎನ್ನುತ್ತೇವೆ. ಅಂಗಡಿಯಿಂದ ಜ್ವರದ ಔಷಧ ತಂದು ಒಂದು ಮುಚ್ಚಳ ಕುಡಿಸುತ್ತೇವೆ. ಜ್ವರ ಇಳಿಯುತ್ತದೆ, ಸಂಜೆಗೆ ಮತ್ತೆ ಏರುತ್ತದೆ. ಹೀಗೆ ಮೂರು ನಾಲ್ಕು ದಿನ ಕಳೆದುಹೋಗುತ್ತವೆ.

ನೆಗಡಿ, ಕೆಮ್ಮು ಇದ್ದರೆ ಜ್ವರದ ಕಾರಣ ಮೇಲ್ನೋಟಕ್ಕೇ ತಿಳಿಯುತ್ತದೆ. ಕಿವಿ ಸೋರುತ್ತಿದ್ದರೆ, ಮೈಮೇಲೆ ಗುಳ್ಳೆ ಎದ್ದಿದ್ದರೆ ತಾಯಿಯೇ ಗುರುತಿಸುತ್ತಾಳೆ. ಇವು ಯಾವುವೂ ಇಲ್ಲದೆ ಕೂಸಿಗೆ ಜ್ವರ ಬಂದರೆ, ಕಣ್ಣಿಗೆ ಕಾಣದ ಒಂದು ಕಾರಣವನ್ನು ಮರೆಯದೆ ಹುಡುಕಬೇಕು. ಅದು ಮೂತ್ರದ ಸೋಂಕು. ಅನೇಕ ದೇಶಗಳ ವೈದ್ಯರು ಜ್ವರ ಬಂದ ಎರಡು ವರ್ಷದೊಳಗಿನ ಕೂಸುಗಳ ಮೂತ್ರ ಪರೀಕ್ಷಿಸಿ ನೋಡಿದಾಗ, ನೂರು ಕೂಸುಗಳಲ್ಲಿ ಸುಮಾರು 7 ಕೂಸುಗಳಿಗೆ ಈ ಸೋಂಕು ಇದ್ದುದು ಕಂಡುಬಂದಿದೆ. ಆದುದರಿಂದ ಇದು ಅಪರೂಪದ ರೋಗವಲ್ಲ. ಸಕಾಲಕ್ಕೆ ಗುರುತಿಸಿದರೆ ಒಂದು ವಾರ ಹತ್ತು ದಿನಗಳ ಔಷಧದಿಂದ ಗುಣವಾಗುತ್ತದೆ. ಗುರುತಿಸದೆ ಬಿಟ್ಟರೆ ಮಗುವಿನ ಮೂತ್ರಪಿಂಡಕ್ಕೆ ಜನ್ಮವಿಡೀ ಉಳಿಯುವ ಕಲೆ ಬೀಳಬಹುದು.

ಮೂತ್ರದ ದಾರಿ

ಬೆನ್ನೆಲುಬಿನ ಎರಡೂ ಬದಿಗೆ, ಪಕ್ಕೆಲುಬುಗಳ ಕೆಳತುದಿಯ ಹತ್ತಿರ, ಎರಡು ಮೂತ್ರಪಿಂಡಗಳಿವೆ. ಇವನ್ನೇ ಊರಲ್ಲಿ ಕಿಡ್ನಿ ಎನ್ನುವರು. ಅವು ರಕ್ತವನ್ನು ಸೋಸಿ ಬೇಡವಾದುದನ್ನು ಮೂತ್ರದಲ್ಲಿ ಹೊರಹಾಕುತ್ತವೆ. ಒಂದೊಂದು ಮೂತ್ರಪಿಂಡದಲ್ಲಿಯೂ ಸುಮಾರು 10 ಲಕ್ಷ ಸೂಕ್ಷ್ಮ ಜರಡಿಗಳಿರುತ್ತವೆ. ಈ ಜರಡಿಗಳೆಲ್ಲ ಕೂಸು ತಾಯಿಯ ಹೊಟ್ಟೆಯಲ್ಲಿರುವಾಗಲೇ ತಯಾರಾಗುತ್ತವೆ. ಹುಟ್ಟಿದ ಮೇಲೆ ಹೊಸದಾಗಿ ಒಂದೂ ಬೆಳೆಯುವುದಿಲ್ಲ. ಇದ್ದುದನ್ನೇ ಕಾಪಾಡಿಕೊಂಡು ಬಾಳಬೇಕು.

ಮೂತ್ರಪಿಂಡದಿಂದ ಮೂತ್ರವು ಎರಡು ಸಣ್ಣ ನಳಿಗೆಗಳ ಮೂಲಕ ಕೆಳಗಿಳಿದು ಮೂತ್ರಕೋಶದಲ್ಲಿ ಕೂಡುತ್ತದೆ. ಅಲ್ಲಿಂದ ಮೂತ್ರದ್ವಾರದ ಮೂಲಕ ಹೊರಗೆ ಬರುತ್ತದೆ. ಹೊಲಕ್ಕೆ ನೀರು ಬಿಡುವ ಕಾಲುವೆಯನ್ನು ನೆನೆಯಿರಿ. ನೀರು ಮೇಲಿನಿಂದ ಕೆಳಗೆ ಸರಾಗವಾಗಿ ಹರಿಯುತ್ತಿದ್ದರೆ ಕಾಲುವೆ ತಾನೇ ತೊಳೆದುಕೊಳ್ಳುತ್ತದೆ. ಎಲ್ಲಿಯಾದರೂ ನೀರು ನಿಂತಿತೆಂದರೆ ಪಾಚಿ ಕಟ್ಟುತ್ತದೆ, ಹುಳು ಹುಟ್ಟುತ್ತದೆ. ಮೂತ್ರದ ದಾರಿಯೂ ಹೀಗೆಯೇ. ಹರಿಯುವ ಮೂತ್ರವು ಒಳಹೊಕ್ಕ ರೋಗಾಣುಗಳನ್ನು ಕೊಚ್ಚಿಕೊಂಡು ಹೊರಹಾಕುತ್ತದೆ. ನಿಂತ ಮೂತ್ರದಲ್ಲಿ ಅವು ಬೆಳೆಯುತ್ತವೆ.

ರೋಗಾಣು ಎಲ್ಲಿಂದ ಬರುತ್ತದೆ?

ಹತ್ತರಲ್ಲಿ ಎಂಟು ಸಲ ಈ ಸೋಂಕಿಗೆ ಕಾರಣವಾಗುವುದು ಇ. ಕೋಲೈ ಎಂಬ ರೋಗಾಣು. ಥಿಯೋಡೋರ್ ಎಶರಿಕ್ ಎಂಬ ಮಕ್ಕಳ ವೈದ್ಯರು 1885ರಲ್ಲಿ ಎಳೆಗೂಸುಗಳ ಮಲವನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸುವಾಗ ಇದನ್ನು ಕಂಡು ವರ್ಣಿಸಿದರು. ಇದು ನಮ್ಮೆಲ್ಲರ ಕರುಳಿನಲ್ಲಿಯೂ ಇರುತ್ತದೆ. ಅಲ್ಲಿರುವ ತನಕ ಸಾಮಾನ್ಯವಾಗಿ ಉಪದ್ರವ ಕೊಡುವುದಿಲ್ಲ. ಆದರೆ ಮಲದೊಂದಿಗೆ ಹೊರಬಂದು, ಮೂತ್ರದ್ವಾರದ ಬಳಿ ಅಂಟಿ, ಅಲ್ಲಿಂದ ಮೇಲೇರಿ ಮೂತ್ರಕೋಶ ಸೇರಿದರೆ ತೊಂದರೆ ಪ್ರಾರಂಭವಾಗುತ್ತದೆ. ಗದ್ದೆಯ ಬದುವಿನ ಮೇಲೆ ಹುಲ್ಲಿದ್ದರೆ ದನಕ್ಕೆ ಮೇವು. ಅದೇ ಹುಲ್ಲು ಬೆಳೆಯೊಳಗೆ ನುಗ್ಗಿದರೆ ಕಳೆ.

ಸೋಂಕು ಮೂತ್ರಕೋಶದಲ್ಲಿಯೇ ನಿಂತರೆ ಮಗುವಿಗೆ ಉರಿ, ಕೆಳಹೊಟ್ಟೆ ನೋವು ಕಾಣುತ್ತವೆ. ಜ್ವರ ಹೆಚ್ಚಾಗಿ ಇರುವುದಿಲ್ಲ. ಅದು ಮೂತ್ರಪಿಂಡದವರೆಗೆ ಏರಿದರೆ ಜ್ವರ, ಚಳಿ, ವಾಂತಿ ಬರುತ್ತವೆ. ಎಳೆಗೂಸುಗಳಲ್ಲಿ ಸೋಂಕು ಬೇಗ ಮೇಲಕ್ಕೇರುವುದರಿಂದ ಅವರಿಗೆ ಭಯ ಹೆಚ್ಚು.

ಹುಟ್ಟಿದ ಮೊದಲ ಕೆಲವು ತಿಂಗಳು ಗಂಡುಕೂಸುಗಳಲ್ಲಿ ಈ ರೋಗ ಹೆಚ್ಚು. ಒಂದು ವರ್ಷ ದಾಟಿದ ಮೇಲೆ ಹೆಣ್ಣುಮಕ್ಕಳಲ್ಲಿ ಹೆಚ್ಚು. ಹೆಣ್ಣುಮಕ್ಕಳ ಮೂತ್ರದ್ವಾರದ ದಾರಿ ಗಿಡ್ಡವಾಗಿರುವುದೂ ಗುದದ್ವಾರಕ್ಕೆ ಹತ್ತಿರವಾಗಿರುವುದೂ ಇದಕ್ಕೆ ಕಾರಣ. ಪ್ರಾಯಕ್ಕೆ ಬರುವುದರೊಳಗೆ ನೂರು ಹೆಣ್ಣುಮಕ್ಕಳಲ್ಲಿ 3ರಿಂದ 10 ಮಂದಿಗೂ, ನೂರು ಗಂಡುಮಕ್ಕಳಲ್ಲಿ 1ರಿಂದ 3 ಮಂದಿಗೂ ಒಮ್ಮೆಯಾದರೂ ಈ ಸೋಂಕು ತಗಲುತ್ತದೆಂದು ನಮ್ಮ ದೇಶದ ಮಕ್ಕಳ ಮೂತ್ರಪಿಂಡ ತಜ್ಞರು ಲೆಕ್ಕ ಕೊಟ್ಟಿದ್ದಾರೆ.

ವಯಸ್ಸಿಗೆ ತಕ್ಕ ಲಕ್ಷಣಗಳು

ದೊಡ್ಡವರಾದರೆ "ಉರಿಯುತ್ತದೆ" ಎಂದು ಬಾಯಿಬಿಟ್ಟು ಹೇಳುತ್ತಾರೆ. ಕೂಸು ಹೇಗೆ ಹೇಳೀತು? ಆದುದರಿಂದ ಈ ಕೆಳಗಿನ ಲಕ್ಷಣಗಳನ್ನು ಮನೆಯ ಹಿರಿಯರೆಲ್ಲರೂ ತಿಳಿದಿರಬೇಕು.

1. ಮೂರು ತಿಂಗಳೊಳಗಿನ ಕೂಸು: ಜ್ವರ ಇರಬಹುದು, ಇಲ್ಲವೇ ಮೈ ತಣ್ಣಗಾಗಿರಬಹುದು. ಮೊಲೆಹಾಲು ಸರಿಯಾಗಿ ಕುಡಿಯುವುದಿಲ್ಲ. ಮೇಲಿಂದ ಮೇಲೆ ವಾಂತಿ ಮಾಡುತ್ತದೆ. ಮಂಕಾಗಿ ಮಲಗಿರುತ್ತದೆ, ಇಲ್ಲವೇ ಎತ್ತಿಕೊಂಡರೂ ಅಳು ನಿಲ್ಲಿಸುವುದಿಲ್ಲ. ಕಾಮಾಲೆ ಎರಡು ವಾರ ಕಳೆದರೂ ಹೋಗುವುದಿಲ್ಲ. ತೂಕ ಏರುವುದಿಲ್ಲ.

2. ಮೂರು ತಿಂಗಳಿನಿಂದ ಎರಡು ವರ್ಷದವರೆಗೆ: ಬೇರೆ ಕಾರಣ ಕಾಣದ ಜ್ವರವೇ ಮುಖ್ಯ ಲಕ್ಷಣ. ಜೊತೆಗೆ ವಾಂತಿ, ಊಟ ಬೇಡವೆನ್ನುವುದು, ಒಮ್ಮೊಮ್ಮೆ ಭೇದಿ. ಉಚ್ಚೆ ಹೊಯ್ಯುವ ಮೊದಲು ಅಥವಾ ಹೊಯ್ಯುವಾಗ ಚೀರುವುದು.

3. ಎರಡು ಮೂರು ವರ್ಷದ ಮೇಲೆ: ಉರಿ, ಮೇಲಿಂದ ಮೇಲೆ ಸ್ವಲ್ಪ ಸ್ವಲ್ಪವೇ ಹೋಗುವುದು, ಕೆಳಹೊಟ್ಟೆ ಅಥವಾ ಸೊಂಟದ ಪಕ್ಕದ ನೋವು, ಮೂತ್ರ ಕದಡಿ ಕಾಣುವುದು, ರಕ್ತ ಬೀಳುವುದು. ಹಾಸಿಗೆ ಒದ್ದೆ ಮಾಡುವುದನ್ನು ಬಿಟ್ಟಿದ್ದ ಮಗು ಮತ್ತೆ ಪ್ರಾರಂಭಿಸುವುದು. ಇಂಥ ಮಗುವನ್ನು ಬೈದು ಹೊಡೆಯಬಾರದು, ದವಾಖಾನೆಗೆ ತೋರಿಸಬೇಕು.

ಕೈಯಿಂದ ಹಣೆ ಮುಟ್ಟಿ ಜ್ವರ ನಿರ್ಧರಿಸುವುದು ಸಾಲದು. ಥರ್ಮಾಮೀಟರಿನಲ್ಲಿ 100.4 ಡಿಗ್ರಿ ಅಥವಾ ಅದಕ್ಕಿಂತ ಹೆಚ್ಚು ಬಂದರೆ ಅದು ಜ್ವರ. ಆಶಾ ಕಾರ್ಯಕರ್ತೆಯರಿಗೆ ಕೊಟ್ಟಿರುವ ಸಾಮಾನುಗಳಲ್ಲಿ ಥರ್ಮಾಮೀಟರ್ ಇರುತ್ತದೆ. ಆಸ್ಪತ್ರೆಯಲ್ಲಿ ಹೆರಿಗೆಯಾದ ಬಾಣಂತಿಯ ಮನೆಗೆ ಅವರು 42 ದಿನಗಳಲ್ಲಿ 6 ಸಲ ಬಂದು ಕೂಸನ್ನು ನೋಡಬೇಕೆಂಬ ನಿಯಮವಿದೆ. ಅವರು ಬಂದಾಗ ಕೂಸಿನ ಹಾಲು, ಜ್ವರ, ಮೂತ್ರ ಇವುಗಳ ವಿಷಯವನ್ನು ಸಂಕೋಚವಿಲ್ಲದೆ ಹೇಳಿರಿ. ಮೂರು ತಿಂಗಳೊಳಗಿನ ಕೂಸಿಗೆ ಜ್ವರ ಬಂದರೆ ಮರುದಿನಕ್ಕೆ ಕಾಯದೆ ಅದೇ ದಿನ ವೈದ್ಯರಿಗೆ ತೋರಿಸಬೇಕು.

ಇನ್ನೊಂದು ಗುರುತು ಗಂಡುಕೂಸಿಗೆ ಸಂಬಂಧಿಸಿದ್ದು. ಆರೋಗ್ಯವಾದ ಗಂಡುಕೂಸು ಉಚ್ಚೆ ಹೊಯ್ದರೆ ಧಾರೆ ದೂರಕ್ಕೆ ಚಿಮ್ಮುತ್ತದೆ. ಯಾವಾಗಲೂ ಧಾರೆ ಕಟ್ಟದೆ ಹನಿಹನಿಯಾಗಿ ತೊಟ್ಟಿಕ್ಕುತ್ತಿದ್ದರೆ, ಅಥವಾ ಕೂಸು ತಿಣುಕಿ ತಿಣುಕಿ ಹೊಯ್ಯುತ್ತಿದ್ದರೆ, ಮೂತ್ರದ ದಾರಿಯಲ್ಲಿ ಹುಟ್ಟಿನಿಂದಲೇ ಅಡ್ಡಿ ಇರಬಹುದು. ಜ್ವರವಿಲ್ಲದಿದ್ದರೂ ಇಂಥ ಕೂಸನ್ನು ಬೇಗನೆ ವೈದ್ಯರಿಗೆ ತೋರಿಸಿರಿ.

ತಡಮಾಡಿದರೆ ಆಗುವ ಹಾನಿ

ನೀರು ಹೆಚ್ಚಾಗಿ ಹಾಯಿಸಿದ ಕಬ್ಬಿನ ಹೊಲ ಸವಳು-ಜವಳಾಗುವುದನ್ನು ಹೊಳೆಸಾಲಿನ ರೈತರು ಕಣ್ಣಾರೆ ಕಂಡಿದ್ದಾರೆ. ಮೇಲೆ ಬಿಳಿ ಉಪ್ಪು ಕಟ್ಟುತ್ತದೆ. ಬಿತ್ತಿದ ಬೀಜ ಏಳುವುದಿಲ್ಲ. ಸೋಂಕಿನ ಬಾವು ಬಹಳ ದಿನ ನಿಂತರೆ ಮೂತ್ರಪಿಂಡದಲ್ಲಿಯೂ ಇಂಥದೇ ನಿರುಪಯೋಗಿ ಜಾಗವಾಗುತ್ತದೆ. ಅಲ್ಲಿಯ ಜರಡಿಗಳು ಸತ್ತು ಗಾಯದ ಕಲೆ ಉಳಿಯುತ್ತದೆ. ಸವಳು ನೆಲವನ್ನು ಬಸಿಗಾಲುವೆ ತೋಡಿ ಸುಧಾರಿಸಬಹುದು. ಮೂತ್ರಪಿಂಡದ ಕಲೆಯನ್ನು ಅಳಿಸುವ ಔಷಧ ಇಲ್ಲ.

ಮೂತ್ರದ ಸೋಂಕು ಮೊದಲ ಸಲ ತಗಲಿದ ನೂರು ಮಕ್ಕಳಲ್ಲಿ ಸುಮಾರು 15 ಮಕ್ಕಳಿಗೆ ಹೀಗೆ ಕಲೆ ಬೀಳುತ್ತದೆಂದು ಅಧ್ಯಯನಗಳಿಂದ ತಿಳಿದುಬಂದಿದೆ. ಜ್ವರ ಬಂದು ಎರಡು ಮೂರು ದಿನ ಕಳೆದ ಮೇಲೆ ಔಷಧ ಪ್ರಾರಂಭಿಸಿದವರಲ್ಲಿ ಈ ಭಯ ಹೆಚ್ಚು. ಸೋಂಕು ಮತ್ತೆ ಮತ್ತೆ ತಗಲಿದವರಲ್ಲಿ ಇನ್ನೂ ಹೆಚ್ಚು. ಸಣ್ಣ ಕಲೆ ಒಂದು ಇದ್ದ ಬಹಳಷ್ಟು ಮಕ್ಕಳು ತೊಂದರೆಯಿಲ್ಲದೆ ಬೆಳೆಯುತ್ತಾರೆ. ಆದರೆ ಎರಡೂ ಕಡೆ ದೊಡ್ಡ ಕಲೆಗಳಾದರೆ ಮುಂದೆ ರಕ್ತದೊತ್ತಡ ಏರುತ್ತದೆ. ಹೆಣ್ಣುಮಗಳಾಗಿದ್ದರೆ ಬಸಿರಿನಲ್ಲಿ ತೊಂದರೆ ಕಾಣಿಸಬಹುದು. ಕೆಲವರಿಗೆ ಯೌವನದಲ್ಲಿಯೇ ಮೂತ್ರಪಿಂಡ ಕೆಲಸ ನಿಲ್ಲಿಸುತ್ತದೆ. ಆಗ ವಾರಕ್ಕೆ ಎರಡು ಮೂರು ಸಲ ಯಂತ್ರದಿಂದ ರಕ್ತ ಸೋಸಿಸಿಕೊಳ್ಳಬೇಕಾಗುತ್ತದೆ. ಉಗುರಿನಿಂದ ಹೋಗುವುದಕ್ಕೆ ಕೊಡಲಿ ತೆಗೆದುಕೊಳ್ಳುವ ಗತಿ ಬರಬಾರದು.

ಮಳೆಗಾಲದ ಒಂದು ಮಾತು

ಭೋಜವು ದೂಧಗಂಗಾ ವೇದಗಂಗಾ ಹೊಳೆಗಳು ಕೂಡುವ ಸೀಮೆಯ ಊರು. ಹೊಳೆ ಬಂದರೆ ದೂಧಗಂಗೆಯ ಕಾರದಗಾ-ಭೋಜ ಸೇತುವೆಯೂ ವೇದಗಂಗೆಯ ಭೋಜವಾಡಿ-ಕುನ್ನೂರ ಸೇತುವೆಯೂ ನೀರಿನಲ್ಲಿ ಮುಳುಗುತ್ತವೆ. 2019ರ ಆಗಸ್ಟ್ ಮತ್ತು 2021ರ ಜುಲೈ ತಿಂಗಳ ಪೂರಗಳನ್ನು ಯಾರೂ ಮರೆತಿಲ್ಲ. ಇಂಥ ದಿನಗಳಲ್ಲಿ "ನಾಳೆ ನೋಡೋಣ" ಎಂದು ಕುಳಿತರೆ ನಾಳೆ ದಾರಿಯೇ ಇರಲಾರದು. ಹೊಳೆ ಏರುವ ಸುದ್ದಿ ಇರುವಾಗ ಕೂಸಿಗೆ ಜ್ವರ ಬಂದರೆ, ರಸ್ತೆ ತೆರೆದಿರುವಾಗಲೇ ದವಾಖಾನೆಗೆ ಹೋಗಿರಿ. ದಾರಿ ಕಟ್ಟಾಗಿದ್ದರೆ ಮುಳುಗಿದ ಸೇತುವೆ ದಾಟುವ ಸಾಹಸ ಮಾಡದೆ, ಆಶಾ ಕಾರ್ಯಕರ್ತೆಗೆ ತಿಳಿಸಿ 108ಕ್ಕೆ ಕರೆ ಮಾಡಿರಿ.

ಮೂತ್ರ ಹಿಡಿಯುವ ಸರಿಯಾದ ರೀತಿ

ಪರೀಕ್ಷೆಯ ಫಲವು ಮೂತ್ರ ಹಿಡಿಯುವುದರಲ್ಲಿಯೇ ಅರ್ಧ ಅಡಗಿದೆ. ಕೊಳೆ ಸೇರಿದ ಮೂತ್ರ ಕೊಟ್ಟರೆ ಇಲ್ಲದ ರೋಗ ಇದೆಯೆಂದು ಬರುತ್ತದೆ. ಕೂಸಿಗೆ ಬೇಡದ ಔಷಧ ಬೀಳುತ್ತದೆ.

ಮೊದಲನೆಯದಾಗಿ, ದವಾಖಾನೆಯವರು ಕೊಡುವ ಶುದ್ಧ ಬಾಟಲಿಯನ್ನೇ ಉಪಯೋಗಿಸಿರಿ. ಹಳೆಯ ಔಷಧದ ಶೀಶೆ ಎಷ್ಟು ತೊಳೆದರೂ ಬೇಡ. ಬಾಟಲಿಯ ಒಳಗೆ, ಮುಚ್ಚಳದ ಒಳಗೆ ಬೆರಳು ತಾಗಿಸಬಾರದು.

ಎರಡನೆಯದಾಗಿ, ನಿಮ್ಮ ಕೈಯನ್ನೂ ಮಗುವಿನ ಮೂತ್ರದ್ವಾರದ ಸುತ್ತಲನ್ನೂ ಸಾಬೂನು ನೀರಿನಿಂದ ತೊಳೆದು, ಶುದ್ಧ ನೀರು ಹಾಕಿರಿ. ಕೊಬ್ಬರಿ ಎಣ್ಣೆ, ಪೌಡರು ಹಚ್ಚಬೇಡಿರಿ.

ಮೂರನೆಯದಾಗಿ, ಹೇಳಿದ ಮಾತು ತಿಳಿಯುವ ಮಗುವಾದರೆ ಮೊದಲು ಬರುವ ಸ್ವಲ್ಪ ಮೂತ್ರವನ್ನು ಬಿಟ್ಟು ನಡುವಿನ ಧಾರೆಯನ್ನು ಬಾಟಲಿಯಲ್ಲಿ ಹಿಡಿಯಿರಿ. ಹಸುಗೂಸಾದರೆ ಹಾಲು ಕುಡಿಸಿ, ಸ್ವಲ್ಪ ಹೊತ್ತಿನ ಮೇಲೆ ಬಟ್ಟೆ ಬಿಚ್ಚಿ ತೊಡೆಯ ಮೇಲೆ ಮಲಗಿಸಿಕೊಳ್ಳಿರಿ. ಇನ್ನೊಬ್ಬರು ಬಾಟಲಿ ಹಿಡಿದು ಸಿದ್ಧರಾಗಿರಲಿ. ತಣ್ಣೀರಿನಲ್ಲಿ ಅದ್ದಿದ ಶುಭ್ರ ಬಟ್ಟೆಯಿಂದ ಹೊಕ್ಕುಳ ಕೆಳಗೆ ಮೆಲ್ಲಗೆ ಸುತ್ತ ಸುತ್ತ ಒರೆಸುತ್ತಿದ್ದರೆ ಕೂಸು ಬೇಗ ಹೊಯ್ಯುತ್ತದೆ. ಆಸ್ಟ್ರೇಲಿಯಾದ ವೈದ್ಯರು ಇದನ್ನು ಪರೀಕ್ಷಿಸಿ 2017ರಲ್ಲಿ ಪ್ರಕಟಿಸಿದರು. ಹೀಗೆ ಒರೆಸಿದ ನೂರು ಕೂಸುಗಳಲ್ಲಿ 31 ಕೂಸುಗಳು ಐದು ನಿಮಿಷದೊಳಗೆ ಮೂತ್ರ ಹೊಯ್ದವು. ಒರೆಸದೆ ಕಾದವುಗಳಲ್ಲಿ 12 ಮಾತ್ರ. ಖರ್ಚಿಲ್ಲದ ಉಪಾಯ ಇದು.

ಡಯಾಪರ್ ಹಿಂಡಿ ಅಥವಾ ಹಾಸಿದ ಬಟ್ಟೆಯಿಂದ ಹಿಂಡಿ ತೆಗೆದ ಮೂತ್ರ ಕಲ್ಚರ್ ಪರೀಕ್ಷೆಗೆ ಕೆಲಸಕ್ಕೆ ಬಾರದು. ಕೂಸಿಗೆ ಅಂಟಿಸುವ ಪ್ಲಾಸ್ಟಿಕ್ ಚೀಲದ ಮೂತ್ರದಲ್ಲಿಯೂ ಚರ್ಮದ ಕೊಳೆ ಬಹಳ ಸೇರುತ್ತದೆ. ಕೂಸು ಬಹಳ ಬಳಲಿದ್ದರೆ ವೈದ್ಯರು ಸಣ್ಣ ನಳಿಗೆ ಹಾಕಿ, ಇಲ್ಲವೇ ಕೆಳಹೊಟ್ಟೆಯಿಂದ ಸೂಜಿಯಲ್ಲಿ ಮೂತ್ರ ತೆಗೆಯಬಹುದು. ಇದಕ್ಕೆ ಹೆದರಬೇಡಿರಿ, ಬೇಡವೆನ್ನಬೇಡಿರಿ. ಅತಿ ಶುದ್ಧವಾದ ಮಾದರಿ ಸಿಗುವುದು ಹೀಗೆಯೇ.

ಮೂತ್ರವನ್ನು ಒಂದು ತಾಸಿನೊಳಗೆ ಪ್ರಯೋಗಶಾಲೆಗೆ ಮುಟ್ಟಿಸಬೇಕು. ಬೆಚ್ಚಗಿನ ಮೂತ್ರದಲ್ಲಿ ರೋಗಾಣು ಒಂದಿದ್ದುದು ಇಪ್ಪತ್ತು ಮೂವತ್ತು ನಿಮಿಷಕ್ಕೆ ಎರಡಾಗುತ್ತ ಹೋಗುತ್ತದೆ. ಬೆಳಿಗ್ಗೆ ಮನೆಯಲ್ಲಿ ಹಿಡಿದು, ಬಸ್ಸಿಗೆ ಕಾದು, ಮಧ್ಯಾಹ್ನ ನಿಪ್ಪಾಣಿಗೆ ಒಯ್ದರೆ ಲೆಕ್ಕವೆಲ್ಲ ತಪ್ಪುತ್ತದೆ. ಆದುದರಿಂದ ಕೂಸನ್ನೇ ಕರೆದೊಯ್ದು ದವಾಖಾನೆಯಲ್ಲಿಯೇ ಮೂತ್ರ ಹಿಡಿಯುವುದು ಲೇಸು.

ಪರೀಕ್ಷೆಯಲ್ಲಿ ಏನು ನೋಡುತ್ತಾರೆ?

ಮೊದಲು ಬಣ್ಣದ ಕಾಗದದ ಪಟ್ಟಿಯನ್ನು ಮೂತ್ರದಲ್ಲಿ ಅದ್ದಿ ನೋಡುತ್ತಾರೆ. ಸೂಕ್ಷ್ಮದರ್ಶಕದಲ್ಲಿ ಕೀವಿನ ಕಣಗಳನ್ನು ಎಣಿಸುತ್ತಾರೆ. ಇದರ ಫಲ ಅಂದೇ ಗೊತ್ತಾಗುತ್ತದೆ. ಪಟ್ಟಿಯ ಒಂದು ಬಣ್ಣ ಬದಲಾಗಲು ಮೂತ್ರವು ಮೂತ್ರಕೋಶದಲ್ಲಿ ಕೆಲವು ತಾಸು ನಿಂತಿರಬೇಕು. ಹಸುಗೂಸು ಗಳಿಗೆಗೊಮ್ಮೆ ಹೊಯ್ಯುವುದರಿಂದ ಸೋಂಕಿದ್ದರೂ ಆ ಬಣ್ಣ ಬಾರದೆ ಇರಬಹುದು. ಆದುದರಿಂದ ಪಟ್ಟಿ ಒಂದನ್ನೇ ನಂಬಲಾಗದು.

ನಿಜವಾದ ನಿರ್ಣಯ ಕೊಡುವುದು ಕಲ್ಚರ್ ಪರೀಕ್ಷೆ. ಬಿತ್ತುವ ಮೊದಲು ನೂರು ಸೋಯಾಬೀನ್ ಕಾಳನ್ನು ಒದ್ದೆ ಗೋಣಿಯಲ್ಲಿಟ್ಟು ಎಷ್ಟು ಮೊಳೆಯುತ್ತವೆಂದು ಎಣಿಸುವುದಿಲ್ಲವೇ? ಇದೂ ಹಾಗೆಯೇ. ಮೂತ್ರದ ಹನಿಯನ್ನು ಪೋಷಕ ದ್ರವ್ಯ ಹಾಕಿದ ತಟ್ಟೆಯಲ್ಲಿ ಬೆಚ್ಚಗಿಟ್ಟು, ಎಷ್ಟು ರೋಗಾಣುಗಳು ಮೊಳೆತವೆಂದು ಎಣಿಸುತ್ತಾರೆ. ಶುದ್ಧವಾಗಿ ಹಿಡಿದ ನಡುಧಾರೆಯ ಒಂದು ಮಿಲಿಲೀಟರ್ ಮೂತ್ರದಲ್ಲಿ ಒಂದೇ ಜಾತಿಯ ರೋಗಾಣು 1 ಲಕ್ಷಕ್ಕೆ ಮೇಲ್ಪಟ್ಟು ಇದ್ದರೆ ಸೋಂಕು ಎಂಬ ಅಳತೆಯನ್ನು ಅಮೇರಿಕೆಯ ವೈದ್ಯ ಎಡ್ವರ್ಡ್ ಕ್ಯಾಸ್ ಅವರು 1956ರಲ್ಲಿ ಮುಂದಿಟ್ಟರು. ಆ ಅಳತೆ ಇಂದಿಗೂ ಬಳಕೆಯಲ್ಲಿದೆ. ನಳಿಗೆಯಿಂದ ತೆಗೆದ ಮೂತ್ರಕ್ಕೆ ಇದಕ್ಕಿಂತ ಕಡಿಮೆ ಸಂಖ್ಯೆಯೂ ಸಾಕು. ಯಾವ ಔಷಧಕ್ಕೆ ಆ ರೋಗಾಣು ಸಾಯುತ್ತದೆಂಬುದನ್ನೂ ಇದೇ ಪರೀಕ್ಷೆ ತಿಳಿಸುತ್ತದೆ. ಫಲ ಬರಲು ಎರಡು ಮೂರು ದಿನ ಬೇಕು.

ಇಲ್ಲಿ ಒಂದು ಮಾತನ್ನು ಗಂಟುಕಟ್ಟಿಕೊಳ್ಳಿರಿ. ಆಂಟಿಬಯೋಟಿಕ್ ಔಷಧದ ಒಂದು ಮುಚ್ಚಳ ಹೊಟ್ಟೆಗೆ ಹೋದರೂ ಮೂತ್ರದಲ್ಲಿಯ ರೋಗಾಣು ಮೊಳೆಯದೆ ಹೋಗಬಹುದು. ಆಗ ರೋಗವೇನೆಂದು ವೈದ್ಯರಿಗೂ ತಿಳಿಯುವುದಿಲ್ಲ. ಆದುದರಿಂದ ಮೊದಲು ಮೂತ್ರ, ಆಮೇಲೆ ಔಷಧ. ಅಂಗಡಿಯಿಂದ ಈಗಾಗಲೇ ಏನಾದರೂ ಕುಡಿಸಿದ್ದರೆ ಮುಚ್ಚಿಡದೆ, ಬಾಟಲಿಯನ್ನೇ ತಂದು ವೈದ್ಯರಿಗೆ ತೋರಿಸಿರಿ.

ಔಷಧ ಕೊಡುವ ಕ್ರಮ

ಮೂತ್ರ ಹಿಡಿದ ಕೂಡಲೇ, ಕಲ್ಚರ್ ಫಲಕ್ಕೆ ಕಾಯದೆ, ವೈದ್ಯರು ಔಷಧ ಪ್ರಾರಂಭಿಸುತ್ತಾರೆ. ಮೂರು ತಿಂಗಳೊಳಗಿನ ಕೂಸಿಗೂ, ಕುಡಿದುದನ್ನೆಲ್ಲ ಕಕ್ಕುವ ಮಗುವಿಗೂ ದವಾಖಾನೆಯಲ್ಲಿಟ್ಟು ಇಂಜೆಕ್ಷನ್ ಕೊಡಬೇಕಾಗುತ್ತದೆ. ಉಳಿದವರಿಗೆ ಬಾಯಿಂದ ಕುಡಿಯುವ ಔಷಧ ಸಾಕಾಗುತ್ತದೆ. ಜ್ವರ ಇದ್ದ ಮಗುವಿಗೆ ಸಾಧಾರಣವಾಗಿ 7ರಿಂದ 10 ದಿನ ಕೊಡುತ್ತಾರೆ.

ಔಷಧ ಸರಿಯಾಗಿದ್ದರೆ ಎರಡು ದಿನಗಳಲ್ಲಿ ಜ್ವರ ಇಳಿದು ಮಗು ಆಡತೊಡಗುತ್ತದೆ. ಆಗ "ಗುಣವಾಯಿತು" ಎಂದು ಬಾಟಲಿ ಎತ್ತಿಡುವುದು ದೊಡ್ಡ ತಪ್ಪು. ಕಳೆಯನ್ನು ಮೇಲೆ ಮೇಲೆ ಕೊಯ್ದು ಬೇರು ಬಿಟ್ಟರೆ ಅದು ಮತ್ತೆ ಚಿಗುರುತ್ತದೆ. ಉಳಿದ ರೋಗಾಣುಗಳು ಔಷಧಕ್ಕೆ ಬಗ್ಗದ ಜಾತಿಯಾಗಿ ಬೆಳೆಯಬಹುದು. ಹೇಳಿದಷ್ಟು ದಿನ, ಹೇಳಿದ ಹೊತ್ತಿಗೆ, ಪೂರ್ತಿ ಕೊಡಿರಿ. ಎರಡು ದಿನ ಕಳೆದರೂ ಜ್ವರ ಇಳಿಯದಿದ್ದರೆ ಮತ್ತೆ ವೈದ್ಯರಿಗೆ ತೋರಿಸಿರಿ.

ಪುಡಿಯ ಬಾಟಲಿ ಕೊಟ್ಟಿದ್ದರೆ, ಕುದಿಸಿ ಆರಿಸಿದ ನೀರನ್ನು ಗೆರೆಯವರೆಗೆ ಹಾಕಿ ಚೆನ್ನಾಗಿ ಅಲುಗಾಡಿಸಿರಿ. ಪ್ರತಿ ಸಲ ಕೊಡುವ ಮೊದಲೂ ಅಲುಗಾಡಿಸಿರಿ. ಮನೆಯ ಚಮಚದಿಂದ ಅಳೆಯದೆ ಬಾಟಲಿಯೊಂದಿಗೆ ಬಂದ ಅಳತೆಯ ಮುಚ್ಚಳವನ್ನೇ ಉಪಯೋಗಿಸಿರಿ. ಉಳಿದುದನ್ನು ಮುಂದಿನ ಸಲಕ್ಕೆಂದು ಇಡಬಾರದು. ಕಲಸಿದ ಔಷಧ ಕೆಲವೇ ದಿನಗಳಲ್ಲಿ ಶಕ್ತಿ ಕಳೆದುಕೊಳ್ಳುತ್ತದೆ.

ಗುಣವಾದ ಮೇಲೆ

ನಮ್ಮ ಏತ ನೀರಾವರಿಯ ಪಂಪಿಗೆ ತಳದಲ್ಲಿ ಫುಟ್‌ವಾಲ್ವ್ ಇರುತ್ತದೆ. ಪೈಪಿಗೆ ಏರಿದ ನೀರು ಹಿಂದಕ್ಕೆ ಹೊಳೆಗೆ ಹೋಗದಂತೆ ಅದು ತಡೆಯುತ್ತದೆ. ಮೂತ್ರದ ನಳಿಗೆಯು ಮೂತ್ರಕೋಶ ಸೇರುವಲ್ಲಿಯೂ ಇಂಥದೇ ಏರ್ಪಾಡಿದೆ. ಕೆಳಗಿಳಿದ ಮೂತ್ರ ಮತ್ತೆ ಮೂತ್ರಪಿಂಡಕ್ಕೆ ಏರದಂತೆ ಅದು ಕಾಯುತ್ತದೆ. ಮೂತ್ರದ ಸೋಂಕು ತಗಲಿದ ಮಕ್ಕಳಲ್ಲಿ ಸುಮಾರು ಮೂರರಲ್ಲಿ ಒಬ್ಬರಿಗೆ ಇದು ಸಡಿಲಾಗಿರುತ್ತದೆ. ಆಗ ರೋಗಾಣು ಕೂಡಿದ ಮೂತ್ರ ಮೇಲಕ್ಕೆ ಉಕ್ಕುತ್ತದೆ.

ಇದಕ್ಕಾಗಿಯೇ ವೈದ್ಯರು ಸೋನೋಗ್ರಫಿ ಮಾಡಿಸಲು ಹೇಳುತ್ತಾರೆ. ಕೆಲವು ಮಕ್ಕಳಿಗೆ ಬೇರೆ ಚಿತ್ರಗಳನ್ನೂ ತೆಗೆಸಬೇಕಾದೀತು. ಜ್ವರ ಹೋಯಿತಲ್ಲ, ಇದೇಕೆ ಎಂದು ಬಿಡಬೇಡಿರಿ. ಸ್ವಲ್ಪ ಸಡಿಲಾದ ವಾಲ್ವ್ ಮಗು ಬೆಳೆದಂತೆ ತಾನೇ ಬಿಗಿಯಾಗುವುದುಂಟು. ಅಲ್ಲಿಯವರೆಗೆ ಸೋಂಕು ಬಾರದಂತೆ ನೋಡಿಕೊಂಡರೆ ಸಾಕು. ಬಹಳ ಸಡಿಲಾಗಿದ್ದರೆ ಶಸ್ತ್ರಚಿಕಿತ್ಸೆಯ ದಾರಿ ಇದೆ. ಪರೀಕ್ಷೆಯ ಕಾಗದಗಳನ್ನೆಲ್ಲ ತಾಯಿ-ಮಗುವಿನ ಕಾರ್ಡಿನೊಂದಿಗೆ ಒಂದೇ ಕಡೆ ಇಡಿರಿ. ಮುಂದೆ ಯಾವಾಗ ಜ್ವರ ಬಂದರೂ ಮೊದಲ ದಿನವೇ ಮೂತ್ರ ಪರೀಕ್ಷೆ ಮಾಡಿಸಿರಿ.

ತಡೆಯುವ ಬಗೆ

1. ಮಲ ತೊಳೆಯುವಾಗ, ಒರೆಸುವಾಗ ಮುಂದಿನಿಂದ ಹಿಂದಕ್ಕೆ ಕೈ ಹೋಗಲಿ. ಹಿಂದಿನಿಂದ ಮುಂದಕ್ಕೆ ಎಂದೂ ಬೇಡ. ಹೆಣ್ಣುಮಗುವಿಗೆ ಚಿಕ್ಕಂದಿನಲ್ಲಿಯೇ ಇದನ್ನು ಕಲಿಸಿರಿ.

2. ಆರು ತಿಂಗಳವರೆಗೆ ತಾಯಿಹಾಲನ್ನು ಮಾತ್ರ ಕೊಡಿರಿ. ಅದರಲ್ಲಿ ರೋಗನಿರೋಧಕ ಶಕ್ತಿ ಇದೆ. ಮೊಲೆಹಾಲು ಕುಡಿದ ಕೂಸುಗಳಲ್ಲಿ ಈ ಸೋಂಕು ಕಡಿಮೆ. ಬೇಸಿಗೆಯಲ್ಲಿಯೂ ಬೇರೆ ನೀರು ಬೇಕಿಲ್ಲ.

3. ಬೀಡಿ ಕಟ್ಟುವ, ಹೊಲಕ್ಕೆ ಹೋಗುವ ತಾಯಂದಿರು ಕೂಸನ್ನು ಅಜ್ಜಿಯ ಅಥವಾ ಅಕ್ಕನ ಕೈಗೆ ಕೊಟ್ಟು ಹೋಗುವಾಗ, ಮಲ ಮಾಡಿದ ಬಟ್ಟೆಯನ್ನು ಕೂಡಲೇ ಬದಲಿಸಬೇಕೆಂದು ಹೇಳಿ ಹೋಗಬೇಕು.

4. ಗಂಡುಕೂಸಿನ ಮುಂದೊಗಲನ್ನು ಬಲವಂತವಾಗಿ ಹಿಂದೆ ಸರಿಸಬಾರದು. ಎಳೆಯ ವಯಸ್ಸಿನಲ್ಲಿ ಅದು ಅಂಟಿಕೊಂಡಿರುವುದೇ ಸಹಜ. ಎಳೆದರೆ ಸೀಳಿ ಗಾಯವಾಗುತ್ತದೆ.

5. ಮಲಬದ್ಧತೆ ಬಾರದಂತೆ ನೋಡಿಕೊಳ್ಳಿರಿ. ಗಟ್ಟಿಯಾದ ಮಲವು ಮೂತ್ರಕೋಶವನ್ನು ಒತ್ತುತ್ತದೆ. ಮೂತ್ರ ಪೂರ್ತಿ ಖಾಲಿಯಾಗುವುದಿಲ್ಲ. ಜೋಳದ ರೊಟ್ಟಿ, ಸೊಪ್ಪಿನ ಪಲ್ಯ, ಕಾಳು, ಬಾಳೆಹಣ್ಣು, ಪೇರಲ ಹಣ್ಣು ಇವನ್ನು ಮಗುವಿಗೆ ರೂಢಿ ಮಾಡಿಸಿರಿ. ಬಿಸ್ಕೀಟು ಊಟವಲ್ಲ.

6. ಶಾಲೆಗೆ ಹೋಗುವ ಮಗು ಮೂತ್ರ ತಡೆದು ಕೂಡಬಾರದು. ಶಾಲೆಯ ಶೌಚಾಲಯ ಹೊಲಸಾಗಿದೆಯೆಂದು ಬೆಳಿಗ್ಗೆಯಿಂದ ಸಂಜೆಯವರೆಗೆ ನೀರನ್ನೇ ಕುಡಿಯದ ಹೆಣ್ಣುಮಕ್ಕಳಿದ್ದಾರೆ. ಶೌಚಾಲಯಕ್ಕೆ ನೀರು, ಬಾಗಿಲಿಗೆ ಚಿಲಕ ಇವೆಯೇ ಎಂದು ಶಾಲಾ ಅಭಿವೃದ್ಧಿ ಸಮಿತಿಯವರು ಹೋಗಿ ನೋಡಬೇಕು. ಗೋಡೆಗೆ ಬಣ್ಣ ಹಚ್ಚುವುದಕ್ಕಿಂತ ಇದು ಮೊದಲ ಕೆಲಸ.

ಊರವರು ಕೇಳುವ ಪ್ರಶ್ನೆಗಳು

ಪ್ರಶ್ನೆ: ಹಲ್ಲು ಬರುವಾಗ ಜ್ವರ ಸಹಜವಲ್ಲವೇ?
ಉತ್ತರ: ಹಲ್ಲು ಬರುವಾಗ ಮೈ ಸ್ವಲ್ಪ ಬೆಚ್ಚಗಾಗಬಹುದು, ಜೊಲ್ಲು ಸುರಿಯಬಹುದು. 100.4 ಡಿಗ್ರಿ ದಾಟುವ ಜ್ವರ ಹಲ್ಲಿನಿಂದ ಬರುವುದಿಲ್ಲ. ಬೇರೆ ಕಾರಣ ಹುಡುಕಬೇಕು.

ಪ್ರಶ್ನೆ: ಜೀರಿಗೆ ನೀರು, ಎಳನೀರು ಕೊಟ್ಟರೆ ಉರಿ ಹೋಗುತ್ತದಲ್ಲ?
ಉತ್ತರ: ಬೇಸಿಗೆಯಲ್ಲಿ ನೀರು ಕಡಿಮೆಯಾಗಿ ಮೂತ್ರ ಗಟ್ಟಿಯಾದರೂ ಉರಿಯುತ್ತದೆ. ಅದು ನೀರು, ಮಜ್ಜಿಗೆ, ಎಳನೀರಿನಿಂದ ಶಮನವಾಗುತ್ತದೆ. ಆರು ತಿಂಗಳು ದಾಟಿದ ಮಗುವಿಗೆ ಇವನ್ನು ಕೊಡಬಹುದು. ಆದರೆ ಜ್ವರ ಕೂಡಿದ್ದರೆ ಅದು ಬರೀ ಉಷ್ಣವಲ್ಲ. ಎಳನೀರು ರೋಗಾಣುವನ್ನು ಕೊಲ್ಲಲಾರದು.

ಪ್ರಶ್ನೆ: ಹೊಟ್ಟೆಗೆ ಬರೆ ಹಾಕಿಸಿದರೆ?
ಉತ್ತರ: ಎಂದೂ ಕೂಡದು. ಒಳಗಿನ ರೋಗ ಹಾಗೆಯೇ ಉಳಿಯುತ್ತದೆ. ಹೊರಗೆ ಸುಟ್ಟ ಗಾಯ, ಅದರಿಂದ ಹೊಸ ಸೋಂಕು ಸೇರುತ್ತದೆ.

ಪ್ರಶ್ನೆ: ಇದು ಒಂದು ಮಗುವಿನಿಂದ ಇನ್ನೊಂದಕ್ಕೆ ಅಂಟುತ್ತದೆಯೇ?
ಉತ್ತರ: ನೆಗಡಿಯಂತೆ ಅಂಟುವುದಿಲ್ಲ. ಒಟ್ಟಿಗೆ ಆಡಲಿ, ಉಣ್ಣಲಿ, ಅಡ್ಡಿಯಿಲ್ಲ.

ಕೊನೆಯದಾಗಿ

ಕಬ್ಬಿನ ಹಂಗಾಮಿನಲ್ಲಿ ಮರಾಠವಾಡಾ ಕಡೆಯಿಂದ ಕಬ್ಬು ಕಡಿಯುವ ಗ್ಯಾಂಗಿನವರು ಎಳೆಗೂಸುಗಳನ್ನು ಕಟ್ಟಿಕೊಂಡು ಬಂದು ನಮ್ಮ ಹೊಲಗಳಂಚಿನ ಗುಡಿಸಲುಗಳಲ್ಲಿ ಇರುತ್ತಾರೆ. ಅವರಿಗೆ ಇಲ್ಲಿಯ ದವಾಖಾನೆ ಎಲ್ಲಿದೆಯೆಂದೂ ತಿಳಿದಿರುವುದಿಲ್ಲ. ಯಾರ ಹೊಲದಲ್ಲಿ ಕಟಾವು ನಡೆದಿದೆಯೋ ಆ ರೈತನು ಅವರ ಕೂಸುಗಳ ಜ್ವರವನ್ನೂ ಒಂದು ಮಾತು ವಿಚಾರಿಸಿ ದಾರಿ ತೋರಿಸಿದರೆ, ಒಂದು ಮಗುವಿನ ಮೂತ್ರಪಿಂಡ ಉಳಿದೀತು.

ಈ ಲೇಖನವನ್ನು ಓದಬಲ್ಲವರು ಓದಲಾರದವರಿಗೆ ಓದಿ ಹೇಳಿರಿ. ಅಂಗನವಾಡಿಯಲ್ಲಿ ತಾಯಂದಿರು ಕೂಡಿದಾಗ ಇದರ ವಿಷಯ ಮಾತಾಡಿರಿ. ಇಷ್ಟನ್ನಾದರೂ ನೆನಪಿಡಿರಿ: ನೆಗಡಿಯಿಲ್ಲ, ಕೆಮ್ಮಿಲ್ಲ, ಆದರೂ ಕೂಸಿಗೆ ಜ್ವರವಿದೆಯೆಂದರೆ, ಆಂಟಿಬಯೋಟಿಕ್ ಕೊಡುವ ಮೊದಲು ಮೂತ್ರ ಪರೀಕ್ಷೆ. ಅದೂ ಎರಡು ದಿನ ಕಳೆಯುವುದರೊಳಗೆ.